ಬಿಲ್ಡ್ ಮುಗಿಯುವ ಹೊತ್ತಿಗೆ

ಹೋದ ವಾರ ಬೇಲೂರಿನಿಂದ ಬಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಒಂದು ತಿರುವಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಕೊಳೆತ ವಾಸನೆ ಕಿಟಕಿಯಿಂದ ಒಳಗೆ ಬಂತು. ಕುಯ್ಲಿನ ಕಾಲದಲ್ಲಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಹಿಂದೆ ಸಿಪ್ಪೆ ಗುಡ್ಡೆ ಹಾಕಿರುತ್ತಾರಲ್ಲ, ಅದರ ಹುಳಿ ವಾಸನೆ. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡರು. ನಾನು ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಮೂರು ವರ್ಷದ ಹಿಂದಿನ ಆ ಕುಯ್ಲಿನ ಕಾಲದಲ್ಲಿ ನಡೆದದ್ದನ್ನು ಒಬ್ಬಳಿಗೆ ಬಿಟ್ಟು ಇನ್ನಾರಿಗೂ ನಾನು ಪೂರ್ತಿ ಹೇಳಿಲ್ಲ.

ನಾನು ಅರಸೀಕೆರೆಯವಳು. ಅಪ್ಪನದು ಕೊಬ್ಬರಿ ವ್ಯಾಪಾರ. ಹಾಸನದಲ್ಲಿ ಓದು ಮುಗಿಸಿದ ಮೇಲೆ ಬೇಲೂರಿನಲ್ಲಿ ಜಗದೀಶ್ ಸರ್ ಹತ್ತಿರ ಕೆಲಸಕ್ಕೆ ಸೇರಿದೆ. ಅವರು ಮೊದಲು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದವರು. ಅದನ್ನು ಬಿಟ್ಟು, ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಮೊಬೈಲ್ ಆ್ಯಪ್ ಮಾಡುವ ಸಣ್ಣ ಕಚೇರಿ ತೆರೆದಿದ್ದರು. ಕೆಲಸ ಮಾಡುವವರು ನಾವಿಬ್ಬರೇ. ಶನಿವಾರ ಸಂಜೆ ಹಳೇಬೀಡಿನ ಮೇಲೆ ಹೋಗುವ ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದೆ, ಸೋಮವಾರ ಬೆಳಿಗ್ಗೆ ಅದೇ ದಾರಿಯಲ್ಲಿ ವಾಪಸು.

ನಮ್ಮ ಆ್ಯಪ್ ಶುರುವಾದದ್ದು ಅರಸೀಕೆರೆ ಮಾರುಕಟ್ಟೆಯ ಕೊಬ್ಬರಿ ಧಾರಣೆ ತಿಳಿಸುವುದಕ್ಕೆ. ಜನ ನೋಡತೊಡಗಿದ ಮೇಲೆ ಬಸ್ಸಿನ ವೇಳೆ ಸೇರಿಸಿದೆವು. ಆಮೇಲೆ ಬಿಕ್ಕೋಡು ಕಡೆಯ ತೋಟದವರ ಒಂದು ಸಂಘ ಬಂದು, ಆನೆ ಎಲ್ಲಿದೆ ಎಂದು ಕೆಲಸದವರಿಗೆ ತಿಳಿಯುವ ಹಾಗೆ ಏನಾದರೂ ಮಾಡಿಕೊಡಿ ಎಂದು ಕೇಳಿತು. ಆನೆಯ ಜಾಡು ನೋಡುವುದಕ್ಕೆ ಸಂಘವೇ ಚಂದ್ರಯ್ಯ ಎಂಬುವನನ್ನು ಇಟ್ಟುಕೊಂಡಿತ್ತು. ಅವನು ಆನೆ ಕಂಡ ಕಡೆ ತನ್ನ ಫೋನಿನಲ್ಲಿ ಒಂದು ಗುಂಡಿ ಒತ್ತಬೇಕು, ಸುತ್ತಮುತ್ತಲ ತೋಟಗಳ ಫೋನುಗಳಿಗೆಲ್ಲ ಎಚ್ಚರಿಕೆ ಹೋಗಬೇಕು. ಅದನ್ನೂ ನಾವು ಅದೇ ಆ್ಯಪ್ಪಿನೊಳಗೆ ಸೇರಿಸಿದೆವು. ಇರುವ ಮನೆಗೆ ಕೋಣೆ ಕೂಡಿಸಿದ ಹಾಗೆ ಕೂಡಿಸುತ್ತ ಹೋದೆವು.

ಕೆಲಸದವರು ಅದನ್ನು ಹೇಗೆ ಬಳಸುತ್ತಾರೆ ನೋಡಿಕೊಂಡು ಬಾ ಎಂದು ಸರ್ ನನ್ನನ್ನು ತೋಟಕ್ಕೆ ಕಳಿಸಿದರು. ಲಕ್ಕಮ್ಮನ ಪರಿಚಯವಾದದ್ದು ಆಗ. ಐವತ್ತು ದಾಟಿದ ಹೆಂಗಸು, ಇಡೀ ಸಾಲಿನಲ್ಲಿ ಎಲ್ಲರಿಗಿಂತ ಬೇಗ ಹಣ್ಣು ಕುಯ್ಯುತ್ತಿದ್ದಳು. ಫೋನನ್ನು ಎಲೆ ಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡು ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ನಾನು ತೋರಿಸಿದ ಎಚ್ಚರಿಕೆಯ ಪರದೆಯನ್ನು ಸ್ವಲ್ಪ ಹೊತ್ತು ನೋಡಿ ಹೇಳಿದಳು:

"ಇಷ್ಟೆಲ್ಲ ಬರ್ದಿದೀಯಲ್ಲ ಕಣವ್ವ, ಆನೆ ಬಂದಾಗ ಕುಂತ್ಕಂಡು ಓದಾಕಾಯ್ತದಾ? ಕೂಗೋ ಹಂಗೆ ಮಾಡು."

ಮುಂದಿನ ವಾರ ಹಾರ್ನಿನಂಥ ಸದ್ದು ಹಾಕಿಕೊಂಡು ಹೋದೆ. ಅದು ತೋಟದ ಕೆಲಸ ನೋಡಿಕೊಳ್ಳುವ ರೈಟರ ಬೈಕಿನ ಹಾರ್ನಿನ ಹಾಗಿದೆ, ಇದು ಕೇಳಿದರೆ ನಾವು ಇನ್ನೂ ಬಗ್ಗಿ ಕೆಲಸ ಮಾಡುತ್ತೇವೆ ಎಂದು ನಕ್ಕಳು. ಆಮೇಲೆ ಕೆಲಸದವರು ಇರುವ ಲೈನ್ ಮನೆಯಿಂದ ಒಂದು ತಗಡಿನ ಡಬ್ಬ, ಒಂದು ಕೋಲು ತಂದು ಬಡಿದು ತೋರಿಸಿದಳು. ಆನೆ ಬಂತೆಂದರೆ ಆ ಕಡೆ ಜನ ಹಾಗೆಯೇ ಬಡಿಯುತ್ತಾರೆ, ಆ ಸದ್ದು ಕೇಳಿದರೆ ಮಕ್ಕಳಿಗೂ ಅರ್ಥವಾಗುತ್ತದೆ ಎಂದಳು. ಅವಳು ಬಡಿದದ್ದನ್ನೇ ನನ್ನ ಫೋನಿನಲ್ಲಿ ಹಿಡಿದುಕೊಂಡೆ. ಎಂಟು ಸೆಕೆಂಡು. ಅಂದಿನಿಂದ ನಮ್ಮ ಆ್ಯಪ್ಪಿನ ಸದ್ದು ಅದೇ ಆಯಿತು.

ಮೊದಮೊದಲು ಚಂದ್ರಯ್ಯ ಗುಂಡಿಯನ್ನೂ ಒತ್ತುತ್ತಿದ್ದ, ರೈಟರುಗಳಿಗೆ ಫೋನೂ ಮಾಡುತ್ತಿದ್ದ. ಫೋನುಗಳು ತಾವಾಗಿ ಕೂಗುವುದನ್ನು ಕಂಡ ಮೇಲೆ ಕರೆ ಮಾಡುವುದು ನಿಂತುಹೋಯಿತು. ಅದು ನಮಗೆ ಹೆಮ್ಮೆಯ ವಿಷಯವಾಗಿತ್ತು.

ಇಲ್ಲಿ ನಮ್ಮ ಕೆಲಸದ ಒಂದು ಮಾತು ಹೇಳಬೇಕು. ನಾವು ಬರೆದದ್ದನ್ನೆಲ್ಲ ಕಂಪ್ಯೂಟರ್ ಓದಿ, ಫೋನಿಗೆ ಹಾಕಬಹುದಾದ ಒಂದು ಫೈಲ್ ಮಾಡಿಕೊಡಬೇಕು. ಅದಕ್ಕೆ ಬಿಲ್ಡ್ ಎನ್ನುತ್ತೇವೆ. ನಮ್ಮ ಆ್ಯಪ್ ಒಂದೇ ಗಟ್ಟಿಯಾಗಿ ಬೆಳೆದಿತ್ತು. ಧಾರಣೆ, ಬಸ್ಸು, ಆನೆ ಎಲ್ಲ ಒಂದರೊಳಗೊಂದು ಹೆಣೆದುಕೊಂಡಿದ್ದವು. ಎಲ್ಲೋ ಒಂದು ಅಕ್ಷರ ಬದಲಿಸಿದರೂ ಕಂಪ್ಯೂಟರ್ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಮತ್ತೆ ಓದುತ್ತಿತ್ತು. ಜನರಿಗೆ ಹಂಚುವ ಪ್ರತಿ ಸಿದ್ಧವಾಗಲು ನಮ್ಮ ಹಳೆಯ ಕಂಪ್ಯೂಟರಿನಲ್ಲಿ ನಲವತ್ತು ನಿಮಿಷ ಹಿಡಿಯುತ್ತಿತ್ತು.

ಇದಕ್ಕೆ ದಾರಿ ಇದೆ ಎಂದು ನನಗೆ ಗೊತ್ತಿತ್ತು. ಒಂದೊಂದು ಕೆಲಸಕ್ಕೂ ಒಂದೊಂದು ಮಾಡ್ಯೂಲ್ ಮಾಡಿ ಬೇರೆ ಬೇರೆ ಇಟ್ಟರೆ, ಮುಟ್ಟಿದ್ದನ್ನು ಮಾತ್ರ ಕಂಪ್ಯೂಟರ್ ಹೊಸದಾಗಿ ಕಟ್ಟುತ್ತದೆ. ಮುಟ್ಟದಿದ್ದವನ್ನು ಹಿಂದೆ ಕಟ್ಟಿದ್ದರಿಂದಲೇ ತೆಗೆದುಕೊಳ್ಳುತ್ತದೆ. ಆ ಮಳೆಗಾಲದಲ್ಲಿ ಸರ್ ಮುಂದೆ ಈ ವಿಷಯ ಎತ್ತಿದ್ದೆ. ಅದಕ್ಕೆ ಎರಡು ತಿಂಗಳು ಬೇಕು, ಅಷ್ಟು ದಿನ ಹೊಸದೇನೂ ಮಾಡಲಾಗುವುದಿಲ್ಲ, ಕುಯ್ಲು ಮುಗಿಯಲಿ ಎಂದರು. ನಾನು ವಾದ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಆ ನಲವತ್ತು ನಿಮಿಷ ನನಗೆ ಒಗ್ಗಿಹೋಗಿತ್ತು. ಬಿಲ್ಡ್ ಹಾಕಿ ಕೆಳಗಿಳಿದು ಕಾಫಿ ಕುಡಿದು, ಪೇಟೆ ಸುತ್ತಿ, ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿ ವಾಪಸು ಬರುತ್ತಿದ್ದೆ.

ಕುಯ್ಲು ಶುರುವಾಯಿತು. ಬೆಳಿಗ್ಗೆ ಒಂಬತ್ತಾದರೂ ಮಂಜು ಬಿಡದ ದಿನಗಳು. ಡಿಸೆಂಬರಿನ ಒಂದು ಸೋಮವಾರ ಹೊಸ ಬಸ್ ವೇಳೆಗಳನ್ನು ಸೇರಿಸಿದ ಪ್ರತಿಯೊಂದನ್ನು ಎಲ್ಲರಿಗೂ ಕಳಿಸಿದೆ. ಆ್ಯಪ್ ತುಂಬ ಜಾಗ ತಿನ್ನುತ್ತದೆ ಎಂಬ ದೂರಿತ್ತು. ಅದಕ್ಕಾಗಿ, ಯಾರೂ ಬಳಸದ ಫೈಲುಗಳನ್ನು ಬಿಲ್ಡ್ ಆಗುವಾಗಲೇ ತೆಗೆದುಹಾಕುವ ಒಂದು ವ್ಯವಸ್ಥೆಯನ್ನು ಮೊದಲ ಸಲ ಚಾಲೂ ಮಾಡಿದ್ದೆ. ಹಂಚುವ ಪ್ರತಿ ಕಟ್ಟಲು ನಲವತ್ತು ನಿಮಿಷವಾದ್ದರಿಂದ ಅದನ್ನು ಕೊನೆಗೆ ಒಂದೇ ಸಲ ಕಟ್ಟಿದೆ, ಬಸ್ಸಿನ ಪುಟ ತೆರೆದು ನೋಡಿದೆ, ಕಳಿಸಿದೆ. ಎಚ್ಚರಿಕೆಯನ್ನು ನೋಡಲಿಲ್ಲ. ಅದನ್ನು ನಾನು ಮುಟ್ಟಿಯೇ ಇಲ್ಲವಲ್ಲ ಎಂದುಕೊಂಡಿದ್ದೆ.

ಮೂರು ದಿನ ಆ ಕಡೆ ಆನೆ ಬರಲಿಲ್ಲ. ಗುರುವಾರ ಬೆಳಿಗ್ಗೆ ಎಂಟಕ್ಕೆ ಚಂದ್ರಯ್ಯನ ಫೋನು ಬಂತು.

"ಮೇಡಂ, ಗುಂಪು ತೋಟದ ಕೆಳ್ಗಡೆ ಐತೆ, ಒತ್ತಿದೀನಿ. ಫೋನ್‌ಗಳು ಬೆಳಕಾಯ್ತಾವೆ, ಕೂಗ್ತಿಲ್ಲ."

ಕಾರಣ ಹುಡುಕಲು ಹದಿನೈದು ನಿಮಿಷವೂ ಆಗಲಿಲ್ಲ. ಆ ಸದ್ದಿನ ಹೆಸರು ಎಚ್ಚರಿಕೆಯ ಜೊತೆಗೇ ಹೊರಗಿನಿಂದ ಬರುತ್ತಿದ್ದರಿಂದ, ನಾನು ಚಾಲೂ ಮಾಡಿದ್ದ ವ್ಯವಸ್ಥೆ ಲಕ್ಕಮ್ಮನ ತಗಡಿನ ಸದ್ದನ್ನು ಯಾರೂ ಬಳಸದ ಫೈಲೆಂದು ತಿಳಿದು ತೆಗೆದುಹಾಕಿತ್ತು. ಇದನ್ನು ತೆಗೆಯಬೇಡ ಎಂದು ಒಂದೇ ಒಂದು ಸಾಲು ಬರೆದರೆ ಸಾಕಿತ್ತು. ಬರೆದೆ. ಎಂಟೂ ಇಪ್ಪತ್ತಕ್ಕೆ ಬಿಲ್ಡ್ ಹಾಕಿದೆ. ಅಷ್ಟರಲ್ಲಿ ಸರ್ ಬಂದರು. ಒಬ್ಬೊಬ್ಬ ರೈಟರಿಗೂ ಕರೆ ಮಾಡಿ ಹೇಳು ಎಂದು ಚಂದ್ರಯ್ಯನಿಗೆ ತಿಳಿಸಿದರು, ತಾವೂ ಕೂತು ಕರೆ ಮಾಡತೊಡಗಿದರು. ತೋಟದೊಳಗೆ ಕೆಲವರ ಫೋನು ಸಿಕ್ಕಿತು, ಕೆಲವರದು ಸಿಗಲಿಲ್ಲ. ಕೆಳಗಿನ ತೋಟದವರನ್ನು ಗುಂಪಿನ ದಾರಿಯಿಂದ ಆಚೆ ಕಳಿಸಿದರೆಂದು ಸುದ್ದಿ ಬಂತು. ಲಕ್ಕಮ್ಮನ ತೋಟ ಮೇಲಿನದು. ಗುಂಪು ಆ ಕಡೆ ಹೋಗುತ್ತಿರಲಿಲ್ಲವಾದ್ದರಿಂದ ಅಲ್ಲಿ ಕೆಲಸ ನಡೆದೇ ಇತ್ತು.

ಒಂಬತ್ತು ಗಂಟೆಗೆ ಬಿಲ್ಡ್ ನಿಂತಿತು. ಮುಗಿದು ನಿಂತದ್ದಲ್ಲ, ತಪ್ಪಿದೆ ಎಂದು ನಿಂತದ್ದು. ಹಿಂದಿನ ದಿನ ಕೊಬ್ಬರಿ ಧಾರಣೆಯ ಪುಟದಲ್ಲಿ ಒಂದಷ್ಟು ಬದಲಾವಣೆ ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದೆ. ಕೋಡಿನೊಳಗಿನ ಒಂದು ಹೆಸರನ್ನು ಬದಲಿಸಿದ್ದೆ, ಅದು ಬರುವ ಕಡೆಯಲ್ಲೆಲ್ಲ ಬದಲಿಸಿರಲಿಲ್ಲ. ಆನೆಗೂ ಕೊಬ್ಬರಿಗೂ ಯಾವ ಸಂಬಂಧವೂ ಇಲ್ಲ. ಆದರೆ ಒಂದೇ ಗಟ್ಟಿಯಲ್ಲವೇ, ಕೊಬ್ಬರಿಯ ಪುಟ ಸರಿಯಾಗದೆ ಆನೆಯ ಎಚ್ಚರಿಕೆ ಹೊರಗೆ ಬರುವಂತಿರಲಿಲ್ಲ. ತಪ್ಪು ತಿದ್ದಿ ಮತ್ತೆ ಹಾಕಿದೆ. ಒಂಬತ್ತೂ ಮುಕ್ಕಾಲಿಗೆ ಮತ್ತೆ ನಿಂತಿತು. ಅದೇ ಹೆಸರು ಇನ್ನೊಂದು ಕಡೆ ಉಳಿದಿತ್ತು. ಹಿಂದಿನ ದಿನ ಬೆಳಗಿನ ಸರಿಯಾದ ಪ್ರತಿ ಕಂಪ್ಯೂಟರಿನಲ್ಲೇ ಇತ್ತು. ಅದನ್ನು ತೆರೆದು ಆ ಒಂದು ಸಾಲು ಸೇರಿಸಿದ್ದರೆ ಒಂದೇ ಬಿಲ್ಡಿನಲ್ಲಿ ಕೆಲಸ ಮುಗಿಯುತ್ತಿತ್ತು. ಆ ಗಾಬರಿಯಲ್ಲಿ ನನಗೆ ಅದು ಹೊಳೆಯಲಿಲ್ಲ. ಪ್ರತಿ ಸಲವೂ ಇದೇ ಕೊನೆಯ ತಪ್ಪು ಎಂದುಕೊಂಡೆ. ಮೂರನೆಯ ಸಲ ಹಾಕಿ ಕುರ್ಚಿಯಲ್ಲಿ ಕೂತೆ. ಕಾಯುವುದು ಬಿಟ್ಟರೆ ಮಾಡಲು ಬೇರೆ ಕೆಲಸವಿರಲಿಲ್ಲ. ಕೆಳಗೆ ಬಟ್ಟೆ ಅಂಗಡಿಯವರು ಬಾಗಿಲೆತ್ತಿ ಕಸ ಗುಡಿಸುತ್ತಿದ್ದುದು ಕೇಳಿಸುತ್ತಿತ್ತು.

ಹತ್ತೂವರೆಗೆ ಬಿಲ್ಡ್ ಮುಗಿಯಿತು. ರೈಟರುಗಳ ವಾಟ್ಸಾಪ್ ಗುಂಪಿಗೆ ಫೈಲನ್ನು ಕಳಿಸಿ, ಎಲ್ಲರ ಫೋನಿಗೂ ಈಗಲೇ ಹಾಕಿಸಿ ಎಂದು ಬರೆದೆ. ಇನ್ನೂ ಹತ್ತು ನಿಮಿಷವಾದ ಮೇಲೆ ಚಂದ್ರಯ್ಯ ಕರೆ ಮಾಡಿದ. ಅವನ ದನಿಯ ಹಿಂದೆ ತಗಡು ಬಡಿಯುವ ಸದ್ದು ಕೇಳಿಸಿತು. ಒಂದು ಫೋನಿನದಲ್ಲ, ನಾಲ್ಕಾರು ಫೋನುಗಳದು. ಹೊಸ ಪ್ರತಿ ಕೆಲಸ ಮಾಡುತ್ತಿದೆ ಎಂದು ಒಂದು ಗಳಿಗೆ ನನಗೆ ಸಮಾಧಾನವಾಯಿತು.

"ಲಕ್ಕಮ್ಮ ಹೋಗ್ಬಿಟ್ಳು ಮೇಡಂ" ಎಂದ. "ಒಂಟಿ ಸಲಗ. ಗುಂಪಿನ್ ಜೊತೆ ಇರ್ಲಿಲ್ಲ ಅದು."

ಆಮೇಲೆ ಬಿಟ್ಟು ಬಿಟ್ಟು ಹೇಳಿದ. ಗುಂಪಿನಿಂದ ಬೇರೆಯಾದ ಸಲಗವೊಂದು ಮೇಲಿನ ತೋಟದ ಹಿಂದಿನಿಂದ ಬಂದಿದ್ದನ್ನು ಅವನು ದಿಬ್ಬದ ಮೇಲಿನಿಂದ ಕಂಡಿದ್ದ. ಕಂಡ ಕೂಡಲೇ ಗುಂಡಿ ಒತ್ತಿದ್ದ, ಆ ತೋಟದ ರೈಟರಿಗೆ ಮೂರು ಸಲ ಕರೆ ಮಾಡಿದ್ದ. ಸಿಕ್ಕಿರಲಿಲ್ಲ. ಕೂಗುತ್ತಾ ಇಳಿದು ಓಡಿದ್ದ. ಹತ್ತಕ್ಕೆ ಐದು ನಿಮಿಷವಿತ್ತಂತೆ. ಲಕ್ಕಮ್ಮ ತನ್ನ ಸಾಲು ಮುಗಿಸಿ ಎಲ್ಲರಿಗಿಂತ ಮುಂದೆ, ಬೇಲಿಯ ಹತ್ತಿರ ಹೊಸ ಸಾಲು ಹಿಡಿದಿದ್ದಳು. ಫೋನು ಸಂಚಿಯಲ್ಲೇ ಇತ್ತು. ಅದನ್ನು ಹೊರಗೆ ತೆಗೆದವಳು ಅವಳ ಮಗಳು ಸುಧಾ, ಅದೇ ತೋಟದಲ್ಲಿ ಹಣ್ಣು ಕುಯ್ಯುವವಳು. ಪರದೆಯ ಮೇಲೆ ಎಚ್ಚರಿಕೆ ಬಂದು ನಿಂತಿತ್ತು. ಆನೆ ಹತ್ತಿರದಲ್ಲಿದೆ ಎಂದು ಕೆಂಪು ಅಕ್ಷರದಲ್ಲಿ, ನಾನೇ ಬರೆದ ಸಾಲು.

ಆ ದಿನ ಮಧ್ಯಾಹ್ನ ಬಿಕ್ಕೋಡಿನ ರಸ್ತೆಯಲ್ಲಿ ಜನ ಕೂತರು. ಬಸ್ಸು ಜೀಪುಗಳೆಲ್ಲ ಎರಡೂ ಕಡೆ ನಿಂತವು. ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಕೂಗುತ್ತಿದ್ದರು. ನಾನೂ ಸರ್ ಕೂಡ ಹೋಗಿ ಹಿಂದೆ ನಿಂತಿದ್ದೆವು. ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಎಲ್ಲರ ಸಿಟ್ಟೂ ಬೇರೆ ಕಡೆ ತಿರುಗಿತ್ತು. ಅದು ನನಗೆ ಆಗ ಎಷ್ಟು ನೆಮ್ಮದಿ ಕೊಟ್ಟಿತೆಂದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಸುಧಾ ರಸ್ತೆಯ ಅಂಚಿನಲ್ಲಿ ಇಬ್ಬರು ಹೆಂಗಸರ ನಡುವೆ ಕೂತಿದ್ದಳು, ಅಳುತ್ತಿರಲಿಲ್ಲ. ಹಣ್ಣಿನ ರಸ ಒಣಗಿ ಅವಳ ಬೆರಳುಗಳು ಕಪ್ಪಾಗಿದ್ದವು.

ಎರಡು ದಿನದ ಮೇಲೆ ಸಂಘದವರು ಎಚ್ಚರಿಕೆ ಯಾಕೆ ಕೂಗಲಿಲ್ಲ ಎಂದು ಬರೆದು ಕೊಡಿ ಎಂದರು. ಸರ್ ಕಿಟಕಿಯ ಹತ್ತಿರ ನಿಂತು ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ. ಆ ಪ್ರದೇಶದಲ್ಲಿ ನೆಟ್‌ವರ್ಕ್ ದುರ್ಬಲವಾಗಿದ್ದ ಕಾರಣ ಎಚ್ಚರಿಕೆ ಸರಿಯಾಗಿ ಕೆಲಸ ಮಾಡಿಲ್ಲ, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ ಎಂದು ನಾಲ್ಕು ಸಾಲು. ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ಓದಿ ಕಳಿಸಿದೆ.

ಮರುದಿನದಿಂದ ಆ್ಯಪ್ಪನ್ನು ಒಡೆಯಲು ಕೂತೆವು. ಎರಡು ತಿಂಗಳ ಕೆಲಸವೆಂದಿದ್ದ ಸರ್ ಈಗ ದಿನದ ಲೆಕ್ಕ ಹೇಳಲಿಲ್ಲ. ಧಾರಣೆ ಒಂದು ಮಾಡ್ಯೂಲ್, ಬಸ್ಸು ಒಂದು, ಎಚ್ಚರಿಕೆ ಒಂದು, ಮೂರಕ್ಕೂ ಬೇಕಾದ್ದಕ್ಕೆ ಒಂದು ಎಂದು ಕಾಗದದ ಮೇಲೆ ಬರೆಯುವುದು ಸುಲಭವಾಗಿತ್ತು. ಬಿಡಿಸಲು ಹೋದಾಗ ಗಂಟುಗಳು ಕಂಡವು. ಹಳ್ಳಿಗಳ ಹೆಸರಿನ ಪಟ್ಟಿ ಕೊಬ್ಬರಿ ಪುಟದೊಳಗೆ ಕೂತಿತ್ತು, ಮೊದಲು ಬರೆದದ್ದು ಅದೇ ಆದ್ದರಿಂದ. ಎಚ್ಚರಿಕೆ ತನ್ನ ಹಳ್ಳಿಯ ಹೆಸರನ್ನು ಅಲ್ಲಿಂದ ತೆಗೆದುಕೊಳ್ಳುತ್ತಿತ್ತು. ಕೊಬ್ಬರಿ ಪುಟವಿಲ್ಲದೆ ಆನೆಯ ಎಚ್ಚರಿಕೆ ನಿಲ್ಲುವಂತೆಯೇ ಇರಲಿಲ್ಲ. ಬಸ್ಸಿನ ಪುಟ ಎಚ್ಚರಿಕೆಯಿಂದ ಏನೋ ತೆಗೆದುಕೊಂಡರೆ, ಎಚ್ಚರಿಕೆ ಬಸ್ಸಿನಿಂದ ಇನ್ನೇನೋ ತೆಗೆದುಕೊಳ್ಳುತ್ತಿತ್ತು.

ಮೂರು ವಾರ ದುಡಿದು ಮೊದಲ ಸಲ ಬಿಲ್ಡ್ ಹಾಕಿದಾಗ ಮೂವತ್ತು ನಿಮಿಷ ಹಿಡಿಯಿತು. ಅಷ್ಟೆಲ್ಲ ಮಾಡಿ ಉಳಿದದ್ದು ಹತ್ತೇ ನಿಮಿಷ. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಹೊತ್ತು ಯಾಕೆ ಇಳಿಯಲಿಲ್ಲವೆಂದು ಸರ್ ಹುಡುಕಿದರು. ಎಲ್ಲರಿಗೂ ಬೇಕಾದ್ದು ಎಂದು ಮಾಡಿದ್ದ ಮಾಡ್ಯೂಲಿನೊಳಗೆ, ಎಲ್ಲಿ ಇಡುವುದೆಂದು ತಿಳಿಯದ್ದನ್ನೆಲ್ಲ ತುಂಬಿದ್ದೆವು. ಎಲ್ಲವೂ ಅದನ್ನೇ ನೆಚ್ಚಿಕೊಂಡಿದ್ದವು. ಅದನ್ನು ಮುಟ್ಟಿದರೆ ಎಲ್ಲವೂ ಮತ್ತೆ ಮೊದಲಿನಿಂದ ಕಟ್ಟಿಕೊಳ್ಳುತ್ತಿದ್ದವು. ಹಳೆಯ ಗಟ್ಟಿಯೇ ಹೊಸ ಹೆಸರಿನಲ್ಲಿ ಉಳಿದಿತ್ತು. ಅದನ್ನೂ ಬಿಚ್ಚಿದೆವು. ಒಂದೊಂದನ್ನೂ ಅದು ಯಾರಿಗೆ ಸೇರಿದ್ದೋ ಅವರ ಮನೆಗೇ ಕಳಿಸಿದೆವು. ಹಂಚುವ ಪ್ರತಿಯಲ್ಲಿ ಸದ್ದು ಇದೆಯೇ ಎಂದು ಯಂತ್ರವೇ ನೋಡಿ ಹೇಳುವ ಹಾಗೆ ಮಾಡಿದೆವು. ಕೊನೆಗೆ ಎಚ್ಚರಿಕೆಯನ್ನು ಬೇರೊಂದು ಸಣ್ಣ ಆ್ಯಪ್ಪಾಗಿಯೇ ಕಟ್ಟಿ ಕಳಿಸುವಂತಾಯಿತು. ಕೊಬ್ಬರಿ ಪುಟ ಕೆಟ್ಟು ನಿಂತರೂ ಅದಕ್ಕೆ ತಗಲುತ್ತಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ, ಸದ್ದನ್ನು ತೆಗೆಯಬೇಡ ಎಂಬ ಆ ಹಳೆಯ ಸಾಲನ್ನೇ ಅಳಿಸಿ, ಮತ್ತೆ ಬರೆದು, ಬಿಲ್ಡ್ ಹಾಕಿದೆ. ಸರ್ ಬಂದು ಹಿಂದೆ ನಿಂತರು. ನಾಲ್ಕು ನಿಮಿಷಕ್ಕೆ ಮುಗಿಯಿತು. ಕಂಪ್ಯೂಟರ್ ಅದೇ, ನಾವೂ ಅವರೇ. ನಾನು ಸುಧಾಳಿಗೆ ಹೇಳುತ್ತೇನೆ ಸರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಹೇಳಮ್ಮ" ಎಂದರು. "ಸಂಘಕ್ಕೆ ನಾನು ಹೇಳ್ತೀನಿ. ಆ ಕಾಗದ ಬರೆಸಿದ್ದು ನಾನು."

ಅವರು ಹೇಳಿದ ಹಾಗೆ ಮಾಡಿದರು. ಸಂಘದ ಸಭೆಯಲ್ಲಿ ನಿಂತು ನಡೆದದ್ದನ್ನು ಓದಿದರಂತೆ. ಒಬ್ಬಿಬ್ಬರು ರೇಗಿದರು. ಆ್ಯಪ್ ಇರಲಿ, ಆದರೆ ಇನ್ನು ಮುಂದೆ ಪ್ರತಿ ಎಚ್ಚರಿಕೆಗೂ ರೈಟರಿಗೆ ಕರೆ ಹೋಗಲೇಬೇಕು ಎಂದು ತೀರ್ಮಾನವಾಯಿತು. ಕರೆ ಮಾಡುವುದಕ್ಕೆಂದೇ ಒಬ್ಬರನ್ನು ಇಟ್ಟರು.

ನಾನು ಒಂದು ಭಾನುವಾರ ಲೈನ್ ಮನೆಗೆ ಹೋದೆ. ಕುಯ್ಲು ಮುಗಿದಿತ್ತು. ಸುಧಾ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡು ಬನ್ನಿ ಅಕ್ಕ ಎಂದು ಕಲ್ಲಿನ ಮೇಲಿನ ನೀರು ಒರೆಸಿ ಕೂರಿಸಿದಳು. ಅವ್ವ ನಿಮ್ಮ ವಿಷಯ ಯಾವಾಗಲೂ ಹೇಳುತ್ತಿದ್ದಳು ಎಂದಳು. ನಾನು ಬಂದ ವಿಷಯ ಶುರುಮಾಡಿದೆ. ನಡುವೆ ನಿಲ್ಲಿಸಿದರೆ ಮತ್ತೆ ಹೇಳಲಾರೆ ಎನ್ನಿಸಿ ಒಂದೇ ಸಮನೆ ಹೇಳಿದೆ. ಸದ್ದು ಹೋದದ್ದು ನನ್ನ ಕೆಲಸದಿಂದ, ಸರಿಮಾಡಿದ ಸಾಲು ಎಂಟೂ ಇಪ್ಪತ್ತಕ್ಕೇ ನನ್ನ ಕೈಯಲ್ಲಿತ್ತು, ಅದು ಹೊರಗೆ ಬಂದದ್ದು ಹತ್ತೂವರೆಗೆ, ನೆಟ್‌ವರ್ಕ್ ಎಂದದ್ದು ಸುಳ್ಳು. ಬಿಲ್ಡ್ ಎಂದರೇನು, ಎರಡು ಸಲ ಯಾಕೆ ನಿಂತಿತು, ಎಲ್ಲ ಹೇಳಿದೆ. ಅವಳು ಒದ್ದೆ ಸೀರೆಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಿಂಡದೆ, ಕೇಳಿದಳು. ಬುದ್ಧಿವಂತೆ. ಎಲ್ಲವೂ ಅರ್ಥವಾಗಿತ್ತು.

"ಮೊದಲ್ನೇ ಸಲಕ್ಕೇ ಆಗಿದ್ರೆ ಎಷ್ಟೊತ್ತಿಗೆ ಬರ್ತಿತ್ತು?" ಎಂದಳು.

ಒಂಬತ್ತಕ್ಕೆ ಎಂದೆ.

"ಒಂಬತ್ತಕ್ಕೆ ಅವ್ವ ನನ್ ಪಕ್ದಲ್ಲೇ ಇದ್ಲು."

ಆ ಸದ್ದು ಬಂದಿದ್ದರೂ ಅವ್ವ ಉಳಿಯುತ್ತಿದ್ದಳೋ ಇಲ್ಲವೋ ಎಂದು ಯಾರೂ ಹೇಳಲಾರರು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಸರ್ ಅದನ್ನು ನನಗೆ ಎಷ್ಟೋ ಸಲ ಹೇಳಿದ್ದರು. ನಾನು ಆಡಲಿಲ್ಲ. ನಲ್ಲಿ ಹನಿಯುತ್ತಿತ್ತು. ಪಕ್ಕದ ಮನೆಯ ಹೆಂಗಸು ಬಿಂದಿಗೆ ಹಿಡಿದು ಬಂದವಳು ನಮ್ಮನ್ನು ನೋಡಿ ಹಿಂದಕ್ಕೆ ಹೋದಳು. ಸುಧಾ ಸೀರೆಯನ್ನು ಕೊನೆಗೂ ಹಿಂಡಿದಳು, ಕೊಡವಿ ಹೆಗಲ ಮೇಲೆ ಹಾಕಿಕೊಂಡಳು.

"ನೀವ್ ಹೇಳ್ಬಾರ್ದಾಗಿತ್ತು ಅಕ್ಕ" ಎಂದಳು. "ಇಷ್ಟ್ ದಿನ ನಂಗೆ ಆ ಆನೆ ಮೇಲೆ ಮಾತ್ರ ಸಿಟ್ಟಿತ್ತು."

ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಹೊರಗೆ ಬರಲೂ ಇಲ್ಲ. ನಾನು ಸ್ವಲ್ಪ ಹೊತ್ತು ಆ ಕಲ್ಲಿನ ಮೇಲೆ ಕೂತಿದ್ದು ಎದ್ದು ಬಂದೆ.

ಆಮೇಲೆ ಎರಡು ಸಲ ಕರೆ ಮಾಡಿದ್ದೆ, ಅವಳು ಎತ್ತಲಿಲ್ಲ. ಮೂರನೆಯ ಸಲ ಮಾಡಲು ನನಗೆ ಮನಸ್ಸಾಗಲಿಲ್ಲ. ಆದರೆ ಎಚ್ಚರಿಕೆ ಹೋದಾಗಲೆಲ್ಲ, ಅದು ಯಾವ ಯಾವ ಫೋನಿಗೆ ಎಷ್ಟು ಹೊತ್ತಿಗೆ ತಲುಪಿತು ಎಂಬ ಪಟ್ಟಿ ನನ್ನ ಕಂಪ್ಯೂಟರಿನಲ್ಲಿ ಬರುತ್ತದೆ. ಉಳಿದ ಹೆಸರುಗಳನ್ನು ನೋಡುವ ಮೊದಲು ಸುಧಾಳ ಹೆಸರನ್ನು ಹುಡುಕುತ್ತೇನೆ. ಅದರ ಮುಂದೆ ತಲುಪಿದೆ ಎಂದಿರುತ್ತದೆ. ನಮ್ಮಿಬ್ಬರ ನಡುವೆ ಈಗ ಇರುವುದು ಅಷ್ಟೇ.